ಮೇಷ್ಟ್ರಿಗೆ ಎರಡು ವಿಮಾನ

ಮೈಸೂರಿನ ಚಾಮರಾಜಪುರಂನಲ್ಲಿ ಬರೀ ಮಹದೇವು ಅಂದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಸೊಟ್ಟಕೆರೆ ಮಹದೇವು ಅನ್ನಬೇಕು. ಹಾಗಂದರೆ ಹಾಲಿನವಳಿಂದ ಹಿಡಿದು ಅಂಚೆಯವನ ತನಕ ಎಲ್ಲರೂ, ಓ ಅವರಾ, ಅಂತ ನಕ್ಕು ಮನೆ ತೋರಿಸುತ್ತಿದ್ದರು. ಪುರಸಭೆಯ ನೀರಿನ ಆಫೀಸಿನಲ್ಲಿ ಗುಮಾಸ್ತ, ಮೈಮೇಲೆ ಕರಿ ಕೋಟು, ಮನೆಯಲ್ಲಿ ಹೆಂಡತಿ ಸರೋಜಮ್ಮ, ಓಡಾಡಲು ಸ್ವಂತದ್ದೊಂದು ಸೈಕಲ್ಲು. ಇಷ್ಟೆಲ್ಲ ಇರುವ ಗೃಹಸ್ಥನಿಗೆ ಇಂಥ ಹೆಸರು ಬರಬೇಕಾದರೆ ಅದರ ಹಿಂದೆ ಘನವಾದ ಚರಿತ್ರೆ ಇರಲೇಬೇಕು. ಇತ್ತು.

ಮಹದೇವು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಗುರುಸಿದ್ದಯ್ಯ ಮೇಷ್ಟ್ರು ಭೂಗೋಳ ಹೇಳುತ್ತಿದ್ದರು. ಮೈಸೂರಿನ ನಕ್ಷೆ ಬರೆಯದೆ ಅವರ ಕ್ಲಾಸಿನಿಂದ ಯಾವ ಹುಡುಗನೂ ಪಾರಾದದ್ದಿಲ್ಲ. ನಡುವೆ ಅರಮನೆ, ಕೆಳಗೆ ಬಲಕ್ಕೆ ಬೆಟ್ಟ, ಎಡಕ್ಕೆ ಕುಕ್ಕರಹಳ್ಳಿ ಕೆರೆ. ಕೆರೆ ಮಾತ್ರ ಒಬ್ಬಟ್ಟಿನ ಹಾಗೆ ದುಂಡಗಿರಬೇಕು, ಅದು ಮೇಷ್ಟ್ರ ಕಾನೂನು. ಮಹದೇವು ದುಂಡಗೇ ಬರೆಯುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಕೃಷ್ಣಪ್ಪ ಶಾಯಿಗೆ ಕೈ ಚಾಚಿದ, ಅವನ ಮೊಣಕೈ ಬಡಿಯಿತು, ಮಹದೇವುವಿನ ಗೆರೆ ಒಳಕ್ಕೆ ಜಾರಿ ಹೊರಕ್ಕೆ ಬಂತು. ಕೆರೆ ಗೋಡಂಬಿಯ ಹಾಗೆ ಸೊಟ್ಟಗಾಯಿತು. ಮೇಷ್ಟ್ರು ಆ ಹಾಳೆಯನ್ನು ಎತ್ತಿ ಹಿಡಿದು ಕ್ಲಾಸಿಗೆಲ್ಲ ತೋರಿಸಿ, "ಇದು ಕೆರೆ ಅಲ್ಲ ಕಣ್ರೋ, ಕೆರೆಗೆ ಬಂದಿರೋ ವಾತ" ಅಂದರು. ಅವತ್ತು ಬಿದ್ದ ಹೆಸರು ಹಾಗೇ ಅಂಟಿಕೊಂಡಿತು.

ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳದೆ ಮಹದೇವುವೂ ಬಿಡಲಿಲ್ಲ ಅನ್ನಿ. ಯಾರದೋ ಮದುವೆಗೆ ಅಂತ ಹೋಗಿ ಇನ್ಯಾರದೋ ಮದುವೆಯಲ್ಲಿ ಉಂಡು, ಹಿತ್ತಾಳೆ ಚೆಂಬು ಅವರಿಗೇ ಕೊಟ್ಟು ಬಂದಿದ್ದ. ತಿಥಿ ಊಟ ಮುಗಿಸಿ ಕೈ ತೊಳೆಯುತ್ತ ಮನೆಯವರಿಗೆ, ಬಹಳ ಚೆನ್ನಾಗಿತ್ತು, ಹೀಗೇ ಮೇಲಿಂದ ಮೇಲೆ ಕರೀತಾ ಇರಿ, ಅಂದಿದ್ದ. ಇಂಥದ್ದು ನಡೆದಾಗಲೆಲ್ಲ ಜನ, ಪಾಪ, ಅವನು ಹುಡುಗನಾಗಿದ್ದಾಗಲೇ ಹಾಗೆ, ಕೆರೆಯನ್ನೇ ಸೊಟ್ಟ ಮಾಡಿದವನು, ಅನ್ನುತ್ತಿದ್ದರು. ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿ ಮೇಷ್ಟ್ರ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕು ಅನ್ನುವುದು ನಲವತ್ತು ದಾಟಿದರೂ ಮಹದೇವುವಿನ ಎದೆಯೊಳಗೆ ಇದ್ದೇ ಇತ್ತು.

ಆದರೆ ಮೇಷ್ಟ್ರಿಗೆ ಕಾಲ ಹತ್ತಿರವಾಗಿತ್ತು. ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷವಾಗಿರಬೇಕು, ಆ ವರ್ಷ ಮಳೆಗಾಲದಲ್ಲಿ ಅವರ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಮೊಣಕೈ ಬಡಿಸಿದ ಅದೇ ಕೃಷ್ಣಪ್ಪ ಈಗ ಡಾಕ್ಟರ್ ಕೃಷ್ಣಪ್ಪ. ಇನ್ನು ಔಷಧದ ಕೆಲಸ ಮುಗೀತು, ಇರುವಷ್ಟು ದಿನ ಅವರನ್ನು ಸಂತೋಷವಾಗಿ ನೋಡಿಕೊಳ್ಳಿ, ಅಂತ ಅವರು ಹೇಳಿಬಿಟ್ಟರು. ಊರಿನ ಜನ ಸಂತೋಷ ಅಂದರೆ ಕಿತ್ತಳೆ ಹಣ್ಣು ಅಂತ ಅರ್ಥ ಮಾಡಿಕೊಂಡರು. ಬಂದವರೆಲ್ಲ ಕಿತ್ತಳೆ ತಂದರು. ಮೇಷ್ಟ್ರ ಹೆಂಡತಿ ಸಿದ್ದಲಿಂಗಮ್ಮನವರು ಬೀದಿ ಮಕ್ಕಳಿಗೆಲ್ಲ ಹಂಚಿ, ಉಳಿದ ಸಿಪ್ಪೆಗೆ ದಿನವೂ ಗೊಜ್ಜು ಕುದಿಸಿ, ಕಡೆಗೆ ಕಿತ್ತಳೆ ಕಂಡರೆ ಬಾಗಿಲು ಮುಂದಕ್ಕೆ ಹಾಕುವ ಸ್ಥಿತಿಗೆ ಬಂದಿದ್ದರು.

ಇಂಥ ಸಮಯದಲ್ಲಿ ಮಹದೇವು ಮೂಲೆ ಅಂಗಡಿಯ ಕಟ್ಟೆಯ ಮೇಲೆ ಕೂತು ದೊಡ್ಡ ಮಾತಾಡಿಬಿಟ್ಟ. ಕಿತ್ತಳೆ ಯಾರು ಬೇಕಾದರೂ ಕೊಡುತ್ತಾರೆ, ಹೊರಟು ನಿಂತ ಮನುಷ್ಯನಿಗೆ ಕೊಡುವುದಾದರೆ ಅವನ ಮನಸ್ಸಿನಲ್ಲೇನಿದೆ ಅಂತ ತಿಳಿದು ಕೊಡಬೇಕು, ನಾನು ಕೊಡುವುದನ್ನು ನೋಡುತ್ತಿರಿ, ಅಂದ. ಆಡುವಾಗ ಬಹಳ ಹಿತವಾಗಿತ್ತು. ಮನೆಗೆ ಬರುವಷ್ಟರಲ್ಲಿ ಮಾತು ಅವನಿಗಿಂತ ಮುಂಚೆ ಬಂದು ಸರೋಜಮ್ಮನ ಕಿವಿಗೆ ಬಿದ್ದಿತ್ತು.

ಸರೋಜಮ್ಮ ಏನು ಕೊಡುತ್ತೀರಿ ಅಂತ ಕೇಳಿದಳು. ಬೆಳ್ಳಿ ಹಿಡಿಯ ಊರುಗೋಲು ಅಂದ. ಅವರಿಗೆ ಎದ್ದು ನಿಲ್ಲುವುದಕ್ಕೇ ಆಗದು, ಅಂದಳು. ಎರಡು ದಿನ ಯೋಚನೆ ಮಾಡಿ, ಮಂಡಿ ಮೊಹಲ್ಲಾಕ್ಕೆ ಹೋಗಿ, ಹಸುರು ತೋಟದ ಚಿತ್ರವಿದ್ದ ಸೊಗಸಾದ ಕ್ಯಾಲೆಂಡರ್ ತಂದ. ಬರುವ ವರ್ಷದ್ದು. ಸರೋಜಮ್ಮ ಹಣೆ ಚಚ್ಚಿಕೊಂಡು ಅದನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟಳು. "ನಿಮ್ಮ ತಲೇಲಿ ಹುಡುಕಿದ್ರೆ ಸಿಕ್ಕೋದಲ್ಲ ಅದು. ಹೋಗಿ ಅವರನ್ನೇ ಕೇಳಿ" ಅಂದಳು. ಮಹದೇವುವಿನ ಸಂಸಾರ ಅಲ್ಲಿಯ ತನಕ ನಡೆದುಬಂದದ್ದೇ ಇಂಥ ಮಾತುಗಳಿಂದ.

ಮೇಷ್ಟ್ರು ಗೋಡೆಗೆ ದಿಂಬು ಕೊಟ್ಟು ಒರಗಿದ್ದರು. ಮೈ ಇಳಿದು ಹೋಗಿತ್ತು, ಕಣ್ಣು ಮಾತ್ರ ಹಳೇ ಮೇಷ್ಟ್ರದೇ. ಬಾರೋ ಸೊಟ್ಟಕೆರೆ, ಅಂತ ಕರೆದರು. ಅವನ ಕೈಯಲ್ಲಿ ಕಿತ್ತಳೆ ಇಲ್ಲದ್ದು ನೋಡಿ ಅವರಿಗೆ ಎಷ್ಟೋ ಸಮಾಧಾನವಾಯಿತು. ಮಹದೇವು ಸುತ್ತಿ ಬಳಸಿ, ನಿಮ್ಮ ಮನಸ್ಸಿನಲ್ಲಿ ಆಸೆ ಏನಾದರೂ ಉಳಿದಿದೆಯಾ, ಅಂತ ಕೇಳಿದ.

"ಮೂವತ್ತು ವರ್ಷ ಊರನ್ನ ಮೇಲಿಂದ ನೋಡಿದ ಹಾಗೆ ಬರೆಸಿದೆ ಕಣೋ. ಮೇಲಿಂದ ನಾನೇ ನೋಡಲಿಲ್ಲ. ನನ್ನ ಮೇಷ್ಟ್ರು ಬರೆಸಿದ್ದನ್ನ ನಾನು ನಿಮಗೆ ಬರೆಸಿದೆ. ಸರಿ ಹೇಳಿಕೊಟ್ಟೆನೋ ಸುಳ್ಳು ಹೇಳಿಕೊಟ್ಟೆನೋ, ಯಾರಿಗೆ ಗೊತ್ತು."

ಬೆಟ್ಟದ ಮೇಲಿಂದ ಎಲ್ಲ ಕಾಣುತ್ತದಲ್ಲ ಅಂದ ಮಹದೇವು. ಬೆಟ್ಟದ ಮೇಲಿಂದ ನೋಡಿದರೆ ಪಕ್ಕದಿಂದ ನೋಡಿದ ಹಾಗೆ, ಕೆರೆ ಒಂದು ಗೆರೆಯ ಹಾಗೆ ಕಾಣುತ್ತದೆ, ನೆತ್ತಿಯ ಮೇಲಿಂದ ನೋಡಬೇಕು, ಅಂದರು ಮೇಷ್ಟ್ರು. ಅಷ್ಟರಲ್ಲಿ ಹೆಂಚಿನ ಮೇಲೆ ಗುಂಯ್ ಅಂತ ಸದ್ದಾಯಿತು. ದಸರಾ ಸಮಯಕ್ಕೆ ಮಂಡಕಳ್ಳಿ ಬಯಲಿಗೆ ಬೆಂಗಳೂರಿನಿಂದ ಒಂದು ಪುಟ್ಟ ವಿಮಾನ ಬಂದಿತ್ತು, ಆಸೆ ಇದ್ದವರನ್ನು ಕೂರಿಸಿಕೊಂಡು ಊರ ಮೇಲೆ ಒಂದು ಸುತ್ತು ಹಾಕಿಸುತ್ತಿತ್ತು. ಸದ್ದು ಸಣ್ಣಗಾಗಿ ನಿಲ್ಲುವ ತನಕ ಮೇಷ್ಟ್ರು ಸೂರನ್ನೇ ನೋಡುತ್ತಿದ್ದರು.

ಮಾರನೆಯ ದಿನವೇ ಆಫೀಸಿಗೆ ರಜಾ ಹಾಕಿ ಮಂಡಕಳ್ಳಿಗೆ ಸೈಕಲ್ ತುಳಿದ. ವಿಮಾನ ನಡೆಸುವವನು ದಪ್ಪ ಮೀಸೆಯ ನಗುಮುಖದ ಹುಡುಗ. ಗಾಳಿ ಕಡಿಮೆ ಇರುವಾಗ, ಭಾನುವಾರ ಬೆಳಿಗ್ಗೆ ಕರೆತನ್ನಿ, ಅವರು ನೆಟ್ಟಗೆ ಕೂತಿರಬೇಕು, ಡಾಕ್ಟರು ಒಪ್ಪಬೇಕು, ಬೇರೇನೂ ಇಲ್ಲ, ಅಂದ. ಡಾಕ್ಟರ್ ಕೃಷ್ಣಪ್ಪ ಒಂದು ನಿಮಿಷ ಕನ್ನಡಕ ಒರೆಸಿಕೊಂಡು, ಹೋಗಲಿ, ನಾನೂ ಬರುತ್ತೇನೆ, ಅಂದರು. ಆದರೆ ಮೇಷ್ಟ್ರಿಗೆ ಮೊದಲೇ ಹೇಳಬೇಡ, ಮಳೆ ಬಂದು ತಪ್ಪಿಹೋದರೆ ಮನಸ್ಸು ಮುರಿಯುತ್ತದೆ, ಮನೆಯ ಹಿರಿಯರಿಗೆ ಮಾತ್ರ ಒಂದು ಮಾತು ಹಾಕಿರು, ಅಂದರು. ಸರೋಜಮ್ಮ ದಸರಾ ಸೀರೆ ಬೇಡ ಅಂದಳು. ಎಲ್ಲವೂ ಇಷ್ಟು ನೆಟ್ಟಗೆ ನಡೆಯುತ್ತಿರುವುದು ಕಂಡು ಮಹದೇವುವಿಗೇ ಸ್ವಲ್ಪ ಭಯವಾಯಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮೇಷ್ಟ್ರು ಲಿಂಗಾಯತರು. ಅವರಲ್ಲಿ ಯಾರಾದರೂ ಲಿಂಗೈಕ್ಯರಾದರೆ ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನೆಟ್ಟಗೆ ಕೂರಿಸಿ, ಬಾಳೆಕಂದು ಹೂವುಗಳಿಂದ ಗೋಪುರದ ಹಾಗೆ ಕಟ್ಟಿದ ಪೀಠದಲ್ಲಿಟ್ಟು ಮೆರವಣಿಗೆಯಲ್ಲಿ ಹೊತ್ತು ಹೋಗುತ್ತಾರೆ. ಆ ಪೀಠಕ್ಕೆ ವಿಮಾನ ಅಂತಲೇ ಹೆಸರು. ಮಹದೇವು ಒಕ್ಕಲಿಗರವನು, ಅವನಿಗೆ ಗೊತ್ತಿದ್ದ ವಿಮಾನ ಒಂದೇ, ರೆಕ್ಕೆ ಇರುವುದು. ಇನ್ನು ಮೇಷ್ಟ್ರ ಅಕ್ಕ ಪುಟ್ಟಬಸಮ್ಮನವರು ತಮ್ಮನ ಆರೈಕೆಗೆ ಅಂತ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದಿದ್ದವರು, ಅವರಿಗೆ ಗೊತ್ತಿದ್ದುದೂ ಒಂದೇ. ಹಿರಿಯರು ಅಂದರೆ ಇವರೇ ಅಂತ ಮಹದೇವು ಹಿತ್ತಲ ಕಡೆಯಿಂದ ಹೋಗಿ, ಅವರೆಕಾಯಿ ಬಿಡಿಸುತ್ತಿದ್ದ ಆಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಮೇಷ್ಟ್ರಿಗೆ ಹೇಳಬೇಡಿ. ಭಾನುವಾರ ಬೆಳಿಗ್ಗೆಗೆ ವಿಮಾನ ಗೊತ್ತು ಮಾಡಿಬುಟ್ಟಿದ್ದೀನಿ."

ಪುಟ್ಟಬಸಮ್ಮನವರ ಕೈಯಿಂದ ಅವರೆಕಾಯಿ ಜಾರಿತು.

"ಭಾನುವಾರ ಅಂತ ಯಾರಪ್ಪ ಯೋಳುದ್ದು?"

"ಡಾಕ್ಟರೇ ಒಪ್ಪಿದ್ದಾರೆ. ಎಂಟು ಗಂಟೆಗೆ ಸರಿಯಾಗಿ ಹೊರಡೋದು. ತಡ ಆದ್ರೆ ಬಿಸಿಲು, ಗಾಳಿ. ನೀವೇನೂ ಯೋಚನೆ ಮಾಡಬೇಡಿ, ಖರ್ಚೆಲ್ಲ ನಂದು. ಇದು ನಾನು ಮೇಷ್ಟ್ರಿಗೆ ಕೊಡೋ ಉಡುಗೊರೆ."

"ಉಡುಗೊರೆ" ಅಂದರು ಪುಟ್ಟಬಸಮ್ಮನವರು. ಧ್ವನಿ ಬಹಳ ಸಣ್ಣಗಿತ್ತು.

"ನೆಟ್ಟಗೆ ಕೂರಿಸಿ ಸೊಂಟಕ್ಕೆ ಪಟ್ಟಿ ಬಿಗೀತಾರೆ. ವಾಲೋದಿಲ್ಲ, ಬೀಳೋದಿಲ್ಲ. ಅವರೊಬ್ಬರನ್ನೇ ಕಳಿಸೋಕೆ ಮನಸ್ಸು ಬರಲಿಲ್ಲ, ನಾನೂ ಜೊತೇಲಿ ಮೇಲಕ್ಕೆ ಹೋಗ್ತಾ ಇದ್ದೀನಿ."

"ಇದು ನಿನ್ ಎಂಡ್ತಿಗೆ ಗೊತ್ತಾ?"

"ಗೊತ್ತು. ಸಂತೋಷವಾಗಿ ಹೋಗಿಬನ್ನಿ ಅಂದಳು."

ಪುಟ್ಟಬಸಮ್ಮನವರು ಅವನನ್ನು ಬಹಳ ಹೊತ್ತು ನೋಡಿದರು. ಕಡೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದರು. ಆಯಮ್ಮನಿಗೆ ಆನಂದಬಾಷ್ಪ ಬಂತು ಅಂತ ಮಹದೇವು ಸೈಕಲ್ ಹತ್ತಿದ. ಆಯಮ್ಮನಿಗಾದರೋ, ಇಂಗ್ಲಿಷ್ ಡಾಕ್ಟರು ಯಂತ್ರ ಹಾಕಿ ನೋಡಿ ದಿನ, ಗಂಟೆ ಸಮೇತ ಹೇಳಿಬಿಟ್ಟಿದ್ದಾರೆ ಅನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ಸಿದ್ದಲಿಂಗಮ್ಮನ ಎದೆ ಒಡೆದೀತು ಅಂತ ಅವರಿಗೂ ಹೇಳದೆ, ಊರೂರಿಗೆ ಆಳು ಕಳಿಸಿ, ನೆಂಟರೆಲ್ಲ ಭಾನುವಾರದೊಳಗೆ ಬಂದು ಮುಖ ನೋಡಿಕೊಳ್ಳಿ ಅಂತ ಹೇಳಿಸಿದರು. ಮಂಡಿ ಮೊಹಲ್ಲಾದ ಪುಟ್ಟಣ್ಣನಿಗೂ ಸುದ್ದಿ ಹೋಯಿತು. ಈ ಮನೆತನಕ್ಕೆ ಮೂರು ತಲೆಯಿಂದ ವಿಮಾನ ಕಟ್ಟಿಕೊಡುತ್ತಿದ್ದವರು ಪುಟ್ಟಣ್ಣನ ಮನೆಯವರೇ.

ಪುಟ್ಟಣ್ಣ ಅದೇ ಸಾಯಂಕಾಲ ನೀರಿನ ಆಫೀಸಿನ ಬಾಗಿಲಿಗೆ ಬಂದ. ತನ್ನ ಕೆಲಸ ಇನ್ಯಾರ ಪಾಲೋ ಆಯಿತು ಅಂತ ಅವನ ಮುಖ ಕೆಂಪಗಾಗಿತ್ತು. ಮೇಷ್ಟ್ರ ವಿಮಾನ ಯಾರಿಗೆ ಒಪ್ಪಿಸಿದಿರಿ ಅಂತ ಕೇಳಿದ. ಬೆಂಗಳೂರಿನವರಿಗೆ ಅಂದ ಮಹದೇವು.

"ಮೈಸೂರಲ್ಲಿ ಇಲ್ಲ ಅಂತ ಬೆಂಗಳೂರಿಂದ ತರಿಸಿದ್ರಾ?"

"ಮೈಸೂರಲ್ಲಿ ಎಲ್ಲಿದೆಯಪ್ಪ?"

"ನಮ್ಮ ಹಿತ್ತಲಲ್ಲೇ ಎರಡು ನಿಂತವೆ. ನಮ್ಮಪ್ಪನ ಕಾಲದ್ದು ಒಂದು, ನಂದು ಒಂದು."

ಮಹದೇವು ಕೂತಲ್ಲೇ ಸರಿದು ಕೂತ. ಎಷ್ಟು ಜನ ಹಿಡಿಯುತ್ತದೆ ಅಂತ ಕೇಳಿದ. ಒಬ್ಬರೇ, ವಿಮಾನದಲ್ಲಿ ಇಬ್ಬರು ಹೋಗಿದ್ದು ಎಲ್ಲಾದರೂ ಕೇಳಿದ್ದೀರಾ, ಅಂದ ಪುಟ್ಟಣ್ಣ. ನಮ್ಮದರಲ್ಲಿ ಮೂವರು ಹಿಡಿಸುತ್ತಾರೆ, ನಡೆಸುವವನು ಬೇರೆ, ಪೆಟ್ರೋಲಿನದು, ಅಂದ ಮಹದೇವು. ನಾಲ್ಕು ಜನ ಹೊರುವುದಕ್ಕೆ ಸಿಗದಷ್ಟು ಬಡತನ ಬಂತೇ ಮೇಷ್ಟ್ರಿಗೆ, ಅಂತ ಪುಟ್ಟಣ್ಣ ಮರುಗಿದ. "ಬೆಂಗಳೂರಿನವರು ಹೂವಾದ್ರೂ ಕಟ್ತಾರಾ?" ಅಂದ. ಹೂವು ಕಟ್ಟಿದರೆ ಮೇಲಿನ ಗಾಳಿಗೆ ಒಂದೂ ನಿಲ್ಲುವುದಿಲ್ಲ ಅಂತ ಮಹದೇವು ತಿಳಿಯಹೇಳಿದ. ಪುಟ್ಟಣ್ಣ ಎರಡು ಕೈಯನ್ನೂ ಜೋಡಿಸಿ ಹೊರಟುಹೋದ. ಸಾಯಂಕಾಲಕ್ಕೇ ಕುಡಿದಿದ್ದಾನೆ ಪಾಪ, ಅಂದುಕೊಂಡ ಮಹದೇವು. ಪುಟ್ಟಣ್ಣ ನೇರವಾಗಿ ಪುಟ್ಟಬಸಮ್ಮನವರ ಹತ್ತಿರ ಹೋಗಿ, ಬೆಂಗಳೂರಿನದು ಬಂದರೆ ಬರಲಿ, ನಮ್ಮದೂ ಬಾಗಿಲಲ್ಲಿ ನಿಂತಿರುತ್ತದೆ, ಅಂತ ಮಾತು ಕೊಟ್ಟು ಬಂದ.

ಭಾನುವಾರ ಬೆಳಿಗ್ಗೆ ಮಹದೇವು ಕೋಟು ಒದರಿ ಹಾಕಿಕೊಂಡು, ಬಾಡಿಗೆ ಕಾರಿನಲ್ಲಿ ಬಂದ. ಕಾರು ಬೀದಿಯ ತುದಿಯಲ್ಲೇ ನಿಂತಿತು. ಬೀದಿಗೆ ಅಡ್ಡಲಾಗಿ ಒಂದಾಳುದ್ದ ಚರಂಡಿ ಅಗೆದಿತ್ತು. ಕೊಳಾಯಿ ಹಾಕಲು ಶನಿವಾರ ಸಾಯಂಕಾಲ ನೀರಿನ ಆಫೀಸಿನವರೇ ಅಗೆದದ್ದು. ಪಕ್ಕದ ಬೀದಿ ಅಗೆಯಬೇಕಾಗಿತ್ತು, ಬೀದಿಯ ಹೆಸರು ತಪ್ಪಾಗಿ ಬರೆದುಕೊಟ್ಟವನು ಯಾರು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹದೇವು ಚರಂಡಿ ದಾಟಿ ನೋಡಿದರೆ ಮೇಷ್ಟ್ರ ಮನೆ ಮುಂದೆ ಜಾತ್ರೆಯ ಹಾಗೆ ಜನ. ಜಗಲಿಯ ತುಂಬ ನೆಂಟರು, ಮಠದ ಅಯ್ಯನವರು, ಬಾಜಾಬಜಂತ್ರಿಯವರು, ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರು. ಬಾಗಿಲ ಪಕ್ಕ ಚೆಂಡು ಹೂವಿನಲ್ಲಿ ಮುಳುಗಿದ್ದ ಒಂದು ಚಂದದ ಪೀಠ. ವಿಮಾನ ಹತ್ತುವ ಮೇಷ್ಟ್ರನ್ನು ಬೀಳ್ಕೊಡಲು ಇಷ್ಟು ಜನ ಬಂದರಲ್ಲ ಅಂತ ಮಹದೇವುವಿನ ಹೃದಯ ತುಂಬಿ ಬಂತು.

ಮುಖದ ತುಂಬ ನಗು ತಂದುಕೊಂಡು ನೇರವಾಗಿ ಪುಟ್ಟಬಸಮ್ಮನವರ ಬಳಿಗೆ ಹೋಗಿ ಕೇಳಿದ.

"ಏನಕ್ಕಾ, ಮೇಷ್ಟ್ರಿಗೆ ಸ್ನಾನ ಮಾಡಿಸಿ ಆಯ್ತಾ? ಕಾರು ಬಂದಿದೆ."

ಬಜಂತ್ರಿಯವನು ಬಾಯಿಗೆ ಇಟ್ಟಿದ್ದ ವಾಲಗವನ್ನು ಕೆಳಗಿಳಿಸಿದ. ಪುಟ್ಟಬಸಮ್ಮನವರು ನಾಲ್ಕು ದಿನದಿಂದ ತಡೆದಿಟ್ಟುಕೊಂಡಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಕೈಗೆ ಪೊರಕೆ ಸಿಕ್ಕಿತು.

"ಇನ್ನೂ ಉಸ್ರಾಡ್ತಾವ್ನೆ ಕಣೋ ನನ್ ತಮ್ಮ. ಹಾಲು ಕುಡ್ದು ಕುಂತವ್ನೆ. ವಿಮಾನ ತಂದವ್ನಂತೆ ವಿಮಾನ."

ಮಹದೇವು ಒಂದೇಟು ತಿಂದು, ಎರಡನೆಯದಕ್ಕೆ ಅಯ್ಯನವರ ಹಿಂದೆ ಸರಿದ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಉಸಿರಾಡದೆ ಇರೋರನ್ನ ವಿಮಾನಕ್ಕೆ ಹತ್ತಿಸೋದು ಯಾವ ಊರಲ್ಲಿದೆ ಅಕ್ಕಾ? ಅವರಿಗೆ ಊರು ಕಾಣೋದು ಬೇಡವಾ?"

ಅಷ್ಟು ಹೊತ್ತಿಗೆ ಡಾಕ್ಟರ್ ಕೃಷ್ಣಪ್ಪ ಚರಂಡಿ ಹಾರಿ, ಪಂಚೆಗೆ ಕೆಸರು ಮಾಡಿಕೊಂಡು ಬಂದರು. ಸಾವಿನ ಹೊತ್ತು ಎಷ್ಟು ಅಂತ ಬರೆದುಕೊಳ್ಳಲು ಇನ್ಸ್‌ಪೆಕ್ಟರು ಅವರನ್ನೇ ಕೇಳಿದರು. ಯಾರ ಸಾವು ಅಂತ ಡಾಕ್ಟರು ಕೇಳಿದರು. ಆಮೇಲೆ ಒಂದೊಂದೇ ಎಳೆ ಬಿಡಿಸಿ, ಮಂಡಕಳ್ಳಿಯಲ್ಲಿ ನಿಂತಿರುವುದು ಯಾವ ವಿಮಾನ, ಬಾಗಿಲಲ್ಲಿ ನಿಂತಿರುವುದು ಯಾವ ವಿಮಾನ ಅಂತ ಎಲ್ಲರಿಗೂ ತಿಳಿಸಿದರು. ಮೊದಲು ನಕ್ಕವರು, ಬೆಳಿಗ್ಗೆ ಬಾಗಿಲಲ್ಲಿ ಪೀಠ ಕಂಡು ಕಂಗಾಲಾಗಿದ್ದ ಸಿದ್ದಲಿಂಗಮ್ಮ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಸೆರಗು ಬಾಯಿಗೆ ತುರುಕಿಕೊಂಡು, ಆ ತಾಯಿ ನಕ್ಕದ್ದು ಮಳೆಗಾಲ ಹಿಡಿದ ಮೇಲೆ ಅದೇ ಮೊದಲು. ನಗುತ್ತ ನಗುತ್ತ ಅಳುವೂ ಬಂತು.

ಒಳಗಿಂದ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಕ್ಲಾಸಿನಲ್ಲಿ ಗಲಾಟೆ ಹೆಚ್ಚಾದರೆ ತಟ್ಟುತ್ತಿದ್ದ ಅದೇ ಚಪ್ಪಾಳೆ. ನೆಂಟರೆಲ್ಲ ದಸರಾಕ್ಕೆ ಬಂದಿದ್ದಾರೆ ಅಂತ ಅವರನ್ನು ನಂಬಿಸಿದ್ದರು. ಈಗ ಹೇಳದೆ ವಿಧಿಯಿರಲಿಲ್ಲ. ಡಾಕ್ಟರು ಹೇಳಿದರು, ಮಹದೇವು ತಲೆ ತಗ್ಗಿಸಿ ನಿಂತ. ಮೇಷ್ಟ್ರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಎರಡರಲ್ಲಿ ವಾಪಸ್ ಕರ್ಕೊಂಡು ಬರೋದು ಯಾವುದಪ್ಪ?"

"ಮಹದೇವುದು" ಅಂದರು ಡಾಕ್ಟರು.

"ಹಾಗಾದ್ರೆ ಮೊದಲು ಅದು. ಪುಟ್ಟಣ್ಣಂದು ಕಾಯುತ್ತೆ."

ಆದರೆ ಕಾರು ಚರಂಡಿಯ ಆ ಕಡೆ ಇತ್ತು. ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಎತ್ತಿಕೊಂಡರೆ ಹೊಟ್ಟೆ ನೋವು ತಡೆಯಲಾರರು. ಗಂಟೆ ಏಳೂವರೆ ದಾಟಿತ್ತು, ಬಿಸಿಲು ಏರಿದರೆ ಗಾಳಿ, ಗಾಳಿ ಎದ್ದರೆ ವಿಮಾನ ಇಲ್ಲ. ಮಹದೇವುವಿನ ಮುಖ ಬಿಳುಚಿಕೊಂಡಿತು. ತನ್ನ ಕೈಯಾರೆ ಬರೆದ ತಪ್ಪು ತನ್ನ ಮೇಷ್ಟ್ರ ಕಡೆಯ ಆಸೆಗೆ ಅಡ್ಡ ಬಂತಲ್ಲ ಅಂತ ಅವನಿಗೆ ಅಳುವೇ ಬಂತು. ಆಗ ಪುಟ್ಟಣ್ಣ ಎದೆ ಸೆಟೆಸಿ ಮುಂದೆ ಬಂದ. ನಮ್ಮ ವಿಮಾನಕ್ಕೆ ಹಳ್ಳ ದಿಣ್ಣೆ ಏನೂ ಲೆಕ್ಕವಿಲ್ಲ, ಮೆತ್ತೆ ಹಾಕಿದ್ದೇನೆ, ಒರಗುವುದಕ್ಕೆ ಹಲಗೆ ಇದೆ, ಒಂದು ತೊಟ್ಟೂ ಅಲುಗದ ಹಾಗೆ ದಾಟಿಸುತ್ತೇನೆ, ಅಂದ.

ಪುಟ್ಟಬಸಮ್ಮನವರು ಇದು ಅಪಶಕುನ ಅಂತ ನೆಲಕ್ಕೆ ಕೈ ಬಡಿದರು. ಎಲ್ಲರೂ ಅಯ್ಯನವರ ಮುಖ ನೋಡಿದರು. ಅಯ್ಯನವರು ಗಡ್ಡ ನೇವರಿಸಿಕೊಂಡರು.

"ಜೀವ ಇಲ್ಲದವರು ಕೂತರೆ ಅದು ವಿಮಾನ. ಜೀವ ಇರೋರು ಕೂತರೆ ಪಲ್ಲಕ್ಕಿ. ಹೊರಿ."

ಹೊತ್ತರು. ಮುಂದೆ ಬಜಂತ್ರಿ, ಹಿಂದೆ ನೆಂಟರು, ನಡುವೆ ಚೆಂಡು ಹೂವಿನ ಗೋಪುರದೊಳಗೆ ಶಾಲು ಹೊದ್ದು ಕೂತ ಗುರುಸಿದ್ದಯ್ಯ ಮೇಷ್ಟ್ರು. ಬೀದಿಯವರು ಅಂಗಡಿಗಳಿಂದ ಇಳಿದು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. ಮೇಷ್ಟ್ರು ಪ್ರತಿಯೊಬ್ಬರಿಗೂ ತಿರುಗಿ ಕೈ ಮುಗಿದರು. ಕ್ಷೌರದಂಗಡಿಯಿಂದ ಅರ್ಧ ಗಡ್ಡದಲ್ಲಿ ಎದ್ದು ಬಂದ ಹಳೇ ಶಿಷ್ಯನೊಬ್ಬ, ಎಂಥ ಮನುಷ್ಯ ಹೋಗಿಬಿಟ್ಟರು, ಅಂತ ಗಟ್ಟಿಯಾಗಿ ಅತ್ತ. "ಎಲ್ಲಿಗೂ ಹೋಗಿಲ್ಲ, ಈಗ ಹೋಗ್ತಾ ಇದ್ದೀನಿ, ಹತ್ತು ಗಂಟೆಗೆ ಬರ್ತೀನಿ" ಅಂತ ವಿಮಾನದೊಳಗಿಂದ ಉತ್ತರ ಬಂತು. ಶಿಷ್ಯ ಅಲ್ಲೇ ಕೂತುಬಿಟ್ಟ. ಚರಂಡಿಯನ್ನು ಪುಟ್ಟಣ್ಣನ ಜನ ಎಣ್ಣೆ ಹೊಯ್ದ ಹಾಗೆ ದಾಟಿಸಿದರು.

ಮಂಡಕಳ್ಳಿಗೆ ಕಾರಿನ ಹಿಂದೆ ಜಟಕಾಗಳೂ ಸೈಕಲ್ಲುಗಳೂ ಬಂದವು. ಮೀಸೆಯ ಹುಡುಗ ಹೂವಿನ ದಳ ಅಂಟಿದ್ದ ಮೇಷ್ಟ್ರನ್ನು ಮಗುವಿನ ಹಾಗೆ ಎತ್ತಿ ಕೂರಿಸಿ ಸೊಂಟಕ್ಕೆ ಪಟ್ಟಿ ಬಿಗಿದ. ಮಹದೇವು ಪಕ್ಕದಲ್ಲಿ ಕೂತ, ಡಾಕ್ಟರು ಹಿಂದೆ ಕೂತರು. ವಿಮಾನ ನಡುಗಿತು, ಓಡಿತು, ನೆಲ ಬಿಟ್ಟಿತು. ಮಹದೇವು ಎರಡು ಕಣ್ಣೂ ಮುಚ್ಚಿದ. ಮುಚ್ಚಿದ ಕಣ್ಣಿನಲ್ಲೇ ಊರ ದೇವರನ್ನೆಲ್ಲ ಕರೆಯುತ್ತ, ಯಾವ ಗುಡಿಯನ್ನು ಮೊದಲು ಕರೆದೆ ಅನ್ನುವುದನ್ನೂ ಮರೆತ.

ಮೇಷ್ಟ್ರು ಒಂದೊಂದೇ ಹೇಳುತ್ತಿದ್ದರು. ಅಗೋ ಬೆಟ್ಟ, ಸರಿಯಾಗಿದೆ. ಅಗೋ ಅರಮನೆ, ಸರಿಯಾಗಿದೆ. ರೈಲು ದಾರಿ, ಭೇಷ್, ನಾನು ಬರೆಸಿದ ಹಾಗೇ ಬಾಗಿದೆ. ಅವರ ಧ್ವನಿಗೆ ಕ್ಲಾಸಿನ ಗಡಸು ವಾಪಸ್ ಬಂದಿತ್ತು. ಆಮೇಲೆ ಸದ್ದಿಲ್ಲ. ಎಂಜಿನಿನ ಗುಂಯ್ ಒಂದೇ. ಏನಾಗಿಹೋಯಿತೋ ಅಂತ ಮಹದೇವುವಿನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಅವನ ನೆತ್ತಿಯ ಮೇಲೆ ಗೆಣ್ಣಿನಿಂದ ಠಣ್ಣಂತ ಕುಟ್ಟಿದರು. ಹಳೇ ಪೆಟ್ಟು, ಗುರುತು ಸಿಗುವಂಥದ್ದು.

"ಕಣ್ಣು ಬಿಡೋ. ಕೆಳಗೆ ನೋಡು."

ಮಹದೇವು ಒಂದು ಕಣ್ಣು ಬಿಟ್ಟ. ಕೆಳಗೆ ಬೆಳಗಿನ ಬಿಸಿಲಿನಲ್ಲಿ ಕುಕ್ಕರಹಳ್ಳಿ ಕೆರೆ ಹೊಳೆಯುತ್ತಿತ್ತು. ದುಂಡಗಿರಲಿಲ್ಲ. ಒಂದು ಕಡೆ ಒಳಕ್ಕೆ ಸರಿದು, ಇನ್ನೊಂದು ಕಡೆ ಹೊರಕ್ಕೆ ಬಂದು, ಸೊಟ್ಟಗೆ, ಥೇಟ್ ಆ ಹಾಳೆಯ ಮೇಲಿದ್ದ ಹಾಗೆ ಇತ್ತು. ಮಹದೇವು ಎರಡನೆಯ ಕಣ್ಣನ್ನೂ ಬಿಟ್ಟ.

ಇಳಿದಾಗ ಬಯಲಿನಲ್ಲಿ ಇಡೀ ಚಾಮರಾಜಪುರಂ ನಿಂತ ಹಾಗಿತ್ತು. ಮೇಷ್ಟ್ರಿಗೆ ಆಯಾಸವಾಗಿತ್ತು, ಆದರೂ ಕೂರಿಸಿದ ಕುರ್ಚಿಯಿಂದಲೇ ಚಪ್ಪಾಳೆ ತಟ್ಟಿದರು. ಜನ ಸುಮ್ಮನಾದರು.

"ನಾನು ಮೂವತ್ತು ವರ್ಷ ಎಲ್ಲ ಸರಿಯಾಗಿ ಬರೆಸಿದೆ, ಕೆರೆ ಒಂದು ಬಿಟ್ಟು. ಆ ಕೆರೆನ ನನ್ನ ಕ್ಲಾಸಲ್ಲಿ ಸರಿಯಾಗಿ ಬರೆದವನು ಒಬ್ಬನೇ. ಅವನಿಗೆ ನಾನು ಸೊನ್ನೆ ಕೊಟ್ಟೆ. ಸೊಟ್ಟ ಇರೋದು ಕೆರೆ ಕಣ್ರೋ, ಇವನಲ್ಲ. ಭೇಷ್, ಮಹದೇವು."

ಪುಟ್ಟಬಸಮ್ಮನವರು ಪೊರಕೆ ಹಿಡಿದಿದ್ದ ಅದೇ ಕೈಯಿಂದ ಮಹದೇವುವಿನ ಮುಖ ಸವರಿ ದೃಷ್ಟಿ ತೆಗೆದರು. ಸರೋಜಮ್ಮ ಸೀರೆ ಇಲ್ಲದ ದಸರಾದಲ್ಲಿ ರಾಣಿಯ ಹಾಗೆ ನಿಂತಿದ್ದಳು. ಕಿತ್ತಳೆ ಕೊಟ್ಟವರೆಲ್ಲ ಬಂದು ಅವನ ಕೈ ಕುಲುಕಿದರು.

ಮೇಷ್ಟ್ರು ದೀಪಾವಳಿ ಕಳೆದು ಕಾರ್ತೀಕದಲ್ಲಿ ಹೋದರು. ಅಷ್ಟರೊಳಗೆ ಹಳೇ ಶಿಷ್ಯರನ್ನೆಲ್ಲ ಮಂಚದ ಸುತ್ತ ಕೂರಿಸಿ ಊರಿನ ನಕ್ಷೆಯನ್ನು ಮತ್ತೆ ಬರೆಸಿದ್ದರು. ದುಂಡಗೆ ಬರೆದವರಿಗೆ ಹಾಸಿಗೆಯಿಂದಲೇ ಕುಟ್ಟಿದ್ದರು. ನಗುನಗುತ್ತಲೇ ಹೋದರು ಅಂತ ಸಿದ್ದಲಿಂಗಮ್ಮನವರು ಇವತ್ತಿಗೂ ಹೇಳುತ್ತಾರೆ. ಪುಟ್ಟಣ್ಣನ ವಿಮಾನ ಎರಡನೆಯ ಸಲ ಬಾಗಿಲಿಗೆ ಬಂದಾಗ, ಪುಟ್ಟಬಸಮ್ಮನವರು ಹೆಗಲು ಕೊಡಲು ಬಂದ ನೆಂಟರನ್ನು ಪಕ್ಕಕ್ಕೆ ಸರಿಸಿ, ಮುಂದಿನ ಬಲಗಡೆ ಮಹದೇವುವೇ ಹೊರಬೇಕು ಅಂದರು. ಆ ಸಲ ಬೀದಿಯಲ್ಲಿ ಚರಂಡಿ ಇರಲಿಲ್ಲ. ಮಹದೇವು ತಾನೇ ನಿಂತು ಮುಚ್ಚಿಸಿದ್ದ.

ಮುಂದಿನ ಎಡಗಡೆ ಹೆಗಲು ಕೊಟ್ಟಿದ್ದವರು ಡಾಕ್ಟರ್ ಕೃಷ್ಣಪ್ಪ. ವಾಪಸ್ ಬರುವಾಗ ಕೆರೆ ಏರಿಯ ಮೇಲೆ ಇಬ್ಬರೇ ನಡೆದು ಬಂದರು. ಕೆರೆ ಅಲ್ಲಿಂದ ಎಂದಿನ ಹಾಗೆ ದುಂಡಗೇ ಕಾಣುತ್ತಿತ್ತು. ಡಾಕ್ಟರು ಬಹಳ ಹೊತ್ತು ಅದನ್ನು ನೋಡಿ, "ಲೋ, ಆ ಮೊಣಕೈ ನಂದು ಕಣೋ" ಅಂದರು.

"ಗೊತ್ತು, ಸುಮ್ನೆ ನಡಿ" ಅಂದ ಮಹದೇವು.